ಅಪೀಲ್: ತೀರ್ಪಿನ ವಿರುದ್ಧ ಅಲ್ಲ, ತೀರ್ಪಿಗಾಗಿ

ಶಾಲಾ ಕ್ರೀಡಾಕೂಟ ಶುರುವಾದರೆ ಸಾಫ್ಟ್‌ಬಾಲ್ ವರದಿಗಳಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ: 'ಅಂಪೈರ್ ತೀರ್ಪಿನ ವಿರುದ್ಧ ತಂಡವು ಅಪೀಲ್ ಸಲ್ಲಿಸಿತು.' ಸಾಫ್ಟ್‌ಬಾಲ್‌ನಲ್ಲಿ ತೀರ್ಪಿನ ವಿರುದ್ಧ ಮಾಡುವ ಅಪೀಲ್ ಎಂಬುದೇ ಇಲ್ಲ. ಅಂಪೈರ್ ಇನ್ನೂ ಬಾಯಿ ಬಿಡದ ವಿಷಯದಲ್ಲಿ 'ತೀರ್ಪು ಕೊಡ್ರಿ' ಎಂದು ಕೇಳುವುದೇ ಅಪೀಲ್. ಕೇಳದಿದ್ದರೆ ಆತ ಕೊಡುವಂತಿಲ್ಲ.

ಗೊಂದಲ ಎಲ್ಲಿಂದ ಬಂತು ಎಂಬುದು ಗೊತ್ತಿರುವುದೇ. ನಮ್ಮ ಕಡೆ ಅಪೀಲ್ ಎಂದರೆ ಕೋರ್ಟಿನ ಮಾತು. ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಬಂತು, 2013ರಲ್ಲಿ ಕಾಯಂ ಆಯಿತು. ಕೆಳಗಿನ ಕೋರ್ಟಿನಲ್ಲಿ ಹೊಲದ ಕೇಸು ಸೋತವರು 'ಅಪೀಲ್ ಹೋಗ್ತೀವ್ರಿ' ಅಂದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮೊದಲು ತೀರ್ಪು, ಆಮೇಲೆ ಅಪೀಲ್. ಮೈದಾನದಲ್ಲಿ ಮೊದಲು ಅಪೀಲ್, ಆಮೇಲೆ ತೀರ್ಪು. ಪದದ ಮೂಲ ನೋಡಿದರೆ ಮೈದಾನದ ಅರ್ಥವೇ ಬೇರಿಗೆ ಹತ್ತಿರ. ಲ್ಯಾಟಿನ್‌ನ 'ಅಪೆಲ್ಲಾರೆ' ಎಂದರೆ ಕರೆಯುವುದು, ಒಬ್ಬರನ್ನು ಉದ್ದೇಶಿಸಿ ಮಾತಾಡುವುದು.

ನನಗೆ ಹೆಚ್ಚು ಬೇಸರ ತರುವುದು ಇನ್ನೊಂದು. ಇದೇ ನಿಯಮ ಕ್ರಿಕೆಟ್‌ನಲ್ಲೂ ಇದೆ, ಗಲ್ಲಿಯಲ್ಲಿ ಆಡುವ ಹುಡುಗರಿಗೂ ಗೊತ್ತಿದೆ. 'ಹೌಜಾಟ್' ಅನ್ನದಿದ್ದರೆ ಅಂಪೈರ್ ಬೆರಳು ಎತ್ತುವಂತಿಲ್ಲ; ಕ್ರಿಕೆಟ್‌ನ 31ನೇ ನಿಯಮ ಹೇಳುವುದು ಅದನ್ನೇ. ಅದೇ ಹುಡುಗರು ಸಾಫ್ಟ್‌ಬಾಲ್ ನೋಡಲು ಕೂತಾಗ ಮಾತ್ರ ಅದನ್ನು ಮರೆಯುತ್ತಾರೆ. ಒಂದು ವ್ಯತ್ಯಾಸ ಇದೆ ನಿಜ. ಕ್ರಿಕೆಟ್‌ನಲ್ಲಿ ಒಂದು ಕೂಗು ಎಲ್ಲ ಬಗೆಯ ಔಟಿಗೂ ಸಾಕು. ಇಲ್ಲಿ ಯಾವ ಓಟಗಾರ್ತಿ, ಯಾವ ಬೇಸ್ (ರನ್ನಿಗಾಗಿ ಓಡುವಾಗ ಸರದಿಯಂತೆ ಮುಟ್ಟಬೇಕಾದ ಮೂರು ಗುರುತು, ಕೊನೆಗೆ ಹೋಮ್) ಎಂದು ಬಿಡಿಸಿ ಹೇಳಬೇಕು.

ಓಟಗಾರ್ತಿ ಎರಡನೇ ಬೇಸ್ ಸುತ್ತಿ ಮೂರನೆಯದಕ್ಕೆ ಹೊರಳುತ್ತಾಳೆ. ಷೂ ಬೇಸಿನ ಒಳಅಂಚಿಗೆ ಒಂದು ಗೇಣು ಆಚೆ ಮಣ್ಣಿಗೆ ಬೀಳುತ್ತದೆ, ದೂಳು ಏಳುತ್ತದೆ. ಅಂಪೈರ್ ಐದಾರು ಹೆಜ್ಜೆ ದೂರದಲ್ಲೇ ನಿಂತಿದ್ದಾನೆ, ಕಣ್ಣು ಬೇಸಿನ ಮೇಲೇ ಇದೆ. ಕೈ ಎತ್ತುವುದಿಲ್ಲ, ಮುಖದಲ್ಲೂ ಏನೂ ತೋರಿಸುವುದಿಲ್ಲ. ಹೊರಗಿನಿಂದ ಕೂಗು ಬರುತ್ತದೆ: 'ಸರ, ಆಕಿ ಬೇಸ್ ಮುಟ್ಟಿಲ್ರಿ! ನಿಮಗ ಕಾಣ್ಸಲಿಲ್ಲೇನ್ರಿ?' ಕಂಡಿದೆ. ಅಪೀಲ್ ಬರುವವರೆಗೆ, ದಾಟಿ ಹೋದ ಬೇಸನ್ನು ಮುಟ್ಟಿದಂತೆಯೇ ಲೆಕ್ಕ. ತಾನು ಕಂಡದ್ದನ್ನು ಆತ ಸನ್ನೆಯಲ್ಲಿ ತೋರಿಸಿದರೂ ಫೀಲ್ಡಿಂಗ್ ತಂಡಕ್ಕೆ ಹೇಳಿಕೊಟ್ಟಂತಾಗುತ್ತದೆ. ಅವನ ಮೌನ ಕೆಲಸದ ಭಾಗ. ಅದನ್ನು ಅಲಕ್ಷ್ಯ ಎಂದು ಬೈಯುವುದು ಅನ್ಯಾಯ.

ಕೇಳುವ ದಾರಿ ಎರಡು. ಆಟ ಚಾಲ್ತಿಯಲ್ಲಿದ್ದಾಗ ಚೆಂಡು ಹಿಡಿದು ಆ ಬೇಸ್ ಮುಟ್ಟಬಹುದು, ಇಲ್ಲವೇ ಓಟಗಾರ್ತಿಯನ್ನೇ ಟ್ಯಾಗ್ ಮಾಡಬಹುದು, ಅಂದರೆ ಚೆಂಡು ಹಿಡಿದ ಕೈಯಿಂದ ಮುಟ್ಟಬಹುದು. ಯಾತಕ್ಕೆ ಎಂದು ಅಂಪೈರ್‌ಗೆ ಹೇಳಬೇಕು. ಅಂಪೈರ್ ಟೈಮ್ ಕರೆದು ಆಟ ನಿಲ್ಲಿಸಿದ ಮೇಲಾದರೆ ಪಿಚರ್ (ಚೆಂಡು ಎಸೆಯುವಾಕೆ), ಕ್ಯಾಚರ್ (ಬ್ಯಾಟರ್ ಹಿಂದೆ ಹಿಡಿಯುವಾಕೆ) ಸೇರಿ ಯಾವ ಇನ್‌ಫೀಲ್ಡರ್, ಅಂದರೆ ಬೇಸ್‌ಗಳ ಬಳಿ ನಿಲ್ಲುವ ಫೀಲ್ಡರ್ ಆದರೂ ಬಾಯಿಮಾತಿನಲ್ಲಿ ಕೇಳಬಹುದು, ಕೈಯಲ್ಲಿ ಚೆಂಡು ಇರಲೇಬೇಕೆಂದಿಲ್ಲ. 'ಎರಡನೇ ಬೇಸಿನಾಗ ಇದ್ದಾಕಿ ಮೂರನೇದು ಮುಟ್ಟಿಲ್ರಿ ಸರ' ಅಂದರೆ ಮುಗಿಯಿತು. ಗುಂಪಾಗಿ ಓಡಿಬಂದು ಕೈ ಬೀಸುವುದು ಬೇಕಿಲ್ಲ.

ಬೇಸ್ ತಪ್ಪಿಸುವುದರ ಜೊತೆಗೆ, ಎತ್ತರದ ಹೊಡೆತ ಫೀಲ್ಡರ್ ಕೈಗೆ ತಾಗುವ ಮುನ್ನವೇ ಬೇಸ್ ಬಿಡುವುದು, ಬ್ಯಾಟಿಂಗ್ ಸರದಿ ತಪ್ಪುವುದು ಕೂಡ ಅಪೀಲ್ ವಿಷಯಗಳೇ. ವೇಗದ ಎಸೆತದ ಬಗೆಯಾದ ಫಾಸ್ಟ್‌ಪಿಚ್‌ನಲ್ಲಿ ಪಿಚರ್ ಕೈಯಿಂದ ಚೆಂಡು ಹೊರಡುವ ಮೊದಲೇ ಬೇಸ್ ಬಿಡುವುದು ಮಾತ್ರ ಬೇರೆ. ಅದಕ್ಕೆ ಯಾರೂ ಕೇಳಬೇಕಿಲ್ಲ. ಅಂಪೈರ್ ತಾನಾಗಿಯೇ ಆಟ ನಿಲ್ಲಿಸಿ ಔಟ್ ಕೊಡುತ್ತಾನೆ. ಎರಡೂ 'ಬೇಸ್ ಬೇಗ ಬಿಟ್ಟಳು' ಎಂಬ ಒಂದೇ ಮಾತಿನಲ್ಲಿ ಬರುವುದರಿಂದ ತರಬೇತುದಾರರೂ ಇವನ್ನು ಕಲಸಿಬಿಡುತ್ತಾರೆ.

ರನ್ ಲೆಕ್ಕದಲ್ಲಿ ಜಗಳ ಏಳುವುದು ಇನ್ನಿಂಗ್ಸ್ ಮುಗಿಸುವ ಮೂರನೇ ಔಟ್ ಅಪೀಲ್‌ನಿಂದ ಬಂದಾಗ. ಎರಡು ಔಟ್ ಆಗಿದೆ, ಮೊದಲ ಮತ್ತು ಎರಡನೇ ಬೇಸಿನಲ್ಲಿ ಓಟಗಾರ್ತಿಯರು. ದೊಡ್ಡ ಹೊಡೆತಕ್ಕೆ ಇಬ್ಬರೂ ಹೋಮ್ ಮುಟ್ಟಿದರು. ಹಿಂದಿನಾಕೆ ಮೂರನೇ ಬೇಸ್ ತಪ್ಪಿಸಿದ್ದರೆ, ಅಪೀಲ್ ಆದ ಮೇಲೂ ಮುಂದಿನಾಕೆಯ ರನ್ ಉಳಿಯುತ್ತದೆ. ಅದೇ ಆಕೆ ತಪ್ಪಿಸಿದ್ದು ಎರಡನೇ ಬೇಸ್ ಆಗಿದ್ದರೆ ಒಂದು ರನ್ನೂ ಉಳಿಯುವುದಿಲ್ಲ, ಏಕೆಂದರೆ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟುಕೊಟ್ಟು ಎರಡನೆಯದಕ್ಕೆ ಆಕೆ ಹೋಗಲೇಬೇಕಿತ್ತು. ಅದು ಫೋರ್ಸ್ ಔಟ್, ಅಂದರೆ ಹೋಗಲೇಬೇಕಾದ ಬೇಸಿನಲ್ಲಿ ಆದ ಔಟ್. ಬ್ಯಾಟರ್ ಮೊದಲ ಬೇಸನ್ನೇ ತಪ್ಪಿಸಿದ್ದರೂ ಇದೇ ಗತಿ. ಕ್ಯಾಚಿಗೆ ಮುನ್ನ ಬೇಸ್ ಬಿಟ್ಟವಳ ಔಟ್ ಫೋರ್ಸ್ ಔಟ್ ಅಲ್ಲ. ಬೇಸಿಗೆ ಚೆಂಡು ಎಸೆದು ಔಟ್ ಮಾಡುವುದರಿಂದ ನೋಡಲು ಹಾಗೆ ಕಾಣುತ್ತದೆ, ಅಷ್ಟೇ. ಆ ಅಪೀಲ್‌ಗೆ ಮುಂಚೆ ಮುಂದಿನಾಕೆ ನಿಯಮದಂತೆ ಹೋಮ್ ಮುಟ್ಟಿದ್ದರೆ ರನ್ ಸಲ್ಲುತ್ತದೆ. ಸ್ಕೋರರ್ ಮೇಜಿನ ಬಳಿ ಕೂಗಾಡುವ ಮುನ್ನ ಇದೊಂದನ್ನಾದರೂ ಓದಿಕೊಂಡು ಬರಬೇಕು.

ವರದಿಗಾರರು ಹೇಳಹೊರಟದ್ದು ಬಹುಶಃ ಪ್ರೊಟೆಸ್ಟ್. ಅಂಪೈರ್ ನಿಯಮವನ್ನೇ ತಪ್ಪಾಗಿ ಅನ್ವಯಿಸಿದರೆ ಅದಕ್ಕೆ ದಾರಿ ಉಂಟು. ಬೇಸ್ ಮುಟ್ಟಿದಳೋ ಇಲ್ಲವೋ ಎಂಬುದು ಆತನ ಕಣ್ಣಿನ ನಿರ್ಣಯ, ಅದರ ಮೇಲೆ ಪ್ರೊಟೆಸ್ಟ್ ನಡೆಯುವುದಿಲ್ಲ.

ಅಪೀಲ್‌ಗೆ ಗಡುವೂ ಇದೆ: ಮುಂದಿನ ಪಿಚ್‌ಗೆ, ಅಂದರೆ ಬ್ಯಾಟರ್‌ಗೆ ಹಾಕುವ ಮುಂದಿನ ಎಸೆತಕ್ಕೆ ಮೊದಲು, ಆ ಪಿಚ್ ನಿಯಮಬದ್ಧವಾಗಿರಲಿ ಬಿಡಲಿ. ಇನ್ನಿಂಗ್ಸ್ ಮುಗಿದಿದ್ದರೆ, ಪಿಚರ್ ಮತ್ತು ಇನ್‌ಫೀಲ್ಡರ್‌ಗಳೆಲ್ಲ ಫೇರ್ ಗೆರೆಯ (ಹೋಮ್‌ನಿಂದ ಮೊದಲ, ಮೂರನೇ ಬೇಸ್‌ಗಳ ಕಡೆ ಎಳೆದ ಗೆರೆಗಳ) ಒಳಗಿನ ಜಾಗ ಬಿಟ್ಟು ಹೋಗುವ ಮೊದಲು. ಮೂರನೇ ಔಟ್ ಆದ ಖುಷಿಯಲ್ಲಿ ಎಲ್ಲರೂ ನೀರಿನ ಕ್ಯಾನ್ ಕಡೆ ಓಡಿದ ಮೇಲೆ ಆ ಇನ್ನಿಂಗ್ಸಿನಲ್ಲಿ ಕೇಳಲು ಏನೂ ಉಳಿದಿರುವುದಿಲ್ಲ.