ಹಳೇ ಯೆಜ್ಡಿಗೆ ಆನ್‌ಲೈನ್ ಪಾರ್ಟ್ಸ್: ‘ಒರಿಜಿನಲ್’ ಅಂದರೆ ನಂಬಬಹುದಾ?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 1984ರ ಯೆಜ್ಡಿ ರೋಡ್‌ಕಿಂಗ್ ಹತ್ತು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ರೆಡಿ ಮಾಡಿಸೋಣ ಅಂದರೆ ನಮ್ಮೂರಲ್ಲಿ ಪಾರ್ಟ್ಸ್ ಸಿಗಲ್ಲ. ಆನ್‌ಲೈನಲ್ಲಿ ‘ಒರಿಜಿನಲ್ ಮೈಸೂರು ಸ್ಟಾಕ್’ ಅಂತ ಮೂರು ಪಟ್ಟು ಬೆಲೆ ಹೇಳುತ್ತಾರೆ. ತರಿಸಬಹುದಾ?

ತರಿಸಬಹುದು. ಆದರೆ ಎಲ್ಲದಕ್ಕೂ ಮೂರು ಪಟ್ಟು ಕೊಡಬೇಡಿ. ಕಬ್ಬಿಣದ್ದಾದರೆ ಹಳೇ ಸ್ಟಾಕ್ ಹುಡುಕಿ, ರಬ್ಬರಿನದ್ದಾದರೆ ಹೊಸದಾಗಿ ತಯಾರಾಗಿದ್ದನ್ನೇ ತಗೊಳ್ಳಿ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕ್ ತಯಾರಿಕೆ ಶುರುವಾಗಿದ್ದು 1961ರಲ್ಲಿ, ಬಾಗಿಲು ಹಾಕಿದ್ದು 1996ರಲ್ಲಿ. ಅಂದರೆ ಆ ಸ್ಟಾಕ್ ನಿಜವಾದದ್ದೇ ಆಗಿದ್ದರೂ ಅದಕ್ಕೆ ಹತ್ತಿರ ಮೂವತ್ತು ವರ್ಷ ವಯಸ್ಸಾಗಿದೆ. ಗ್ರೀಸ್ ಹಚ್ಚಿ ಸುತ್ತಿಟ್ಟ ಗೇರಿಗೆ ಮೂವತ್ತು ವರ್ಷದಲ್ಲಿ ಏನೂ ಆಗಿರಲ್ಲ. ಇವತ್ತಿನ ಡುಪ್ಲಿಕೇಟ್‌ಗಿಂತ ಅದೇ ಎಷ್ಟೋ ಮೇಲು. ಆಯಿಲ್ ಸೀಲ್ ಹಾಗಲ್ಲ. ಅದು ಸಂದಿ ಮುಚ್ಚುವ ರಬ್ಬರ್ ಬಳೆ, ಇಟ್ಟಲ್ಲೇ ಗಟ್ಟಿಯಾಗುತ್ತೆ.

ನಾನೇ ಒಮ್ಮೆ ಏಮಾರಿದ್ದೇನೆ. ಮಾಸಿದ ಕಾಗದದ ಪೊಟ್ಟಣ, ಮೇಲೆ ಹಳೇ ಅಚ್ಚು. ನೋಡಿಯೇ ಖುಷಿಯಾಗಿ ಎಂಜಿನ್ನಿನ ಕ್ರ್ಯಾಂಕಿಗೆ ಹಾಕುವ ಆಯಿಲ್ ಸೀಲಿನ ಸೆಟ್ ತರಿಸಿದೆ. ಮೆಕ್ಯಾನಿಕ್ ಉಗುರಿನಲ್ಲಿ ಅದರ ಅಂಚನ್ನು ಒತ್ತಿ ನೋಡಿ, ‘ಗಟ್ಟಿ ಆಗಿದೆಯಲ್ಲ ಸಾರ್’ ಅಂದರು. ‘ಒರಿಜಿನಲ್ ಅಲ್ವಾ, ಹಾಕಿ’ ಅಂದೆ. ಬೈಕ್ ಸ್ಟಾರ್ಟ್ ಆಯಿತು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸ್ಪೀಡ್ ಇಳಿಯುತ್ತಿರಲಿಲ್ಲ. ಹಾಗೇ ಓಡಿಸಿದೆ. ಎರಡನೇ ದಿನ ಪಿಸ್ಟನ್ ಹಿಡಿದುಕೊಂಡಿತು.

ಯಾಕೆ ಅಂದರೆ, ರೋಡ್‌ಕಿಂಗಿನಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿ ಸೇರಿದ ಮಿಶ್ರಣ ಮೊದಲು ಹೋಗುವುದು ಕೆಳಗಿನ ಕ್ರ್ಯಾಂಕ್ ಕೇಸಿಗೆ. ಅಲ್ಲಿಂದ ಒತ್ತಡದಲ್ಲಿ ಮೇಲಕ್ಕೆ ಬರುತ್ತೆ. ಸೀಲ್ ಗಟ್ಟಿಯಾಗಿ ಸಂದಿ ಬಿಟ್ಟರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ, ಪೆಟ್ರೋಲಿನ ಪಾಲು ಕಮ್ಮಿಯಾಗುತ್ತೆ. ಈ ಬೈಕಿನಲ್ಲಿ ಆಯಿಲ್ ಬೆರೆಸುವುದು ಪೆಟ್ರೋಲಿಗೇ ಅಲ್ವಾ? ಹಾಗಾಗಿ ಆಯಿಲೂ ಕಮ್ಮಿ. ಶಾಖ ಜಾಸ್ತಿಯಾಗಿ ಪಿಸ್ಟನ್ ಬೋರಿಗೆ, ಅಂದರೆ ತಾನು ಓಡಾಡುವ ಸಿಲಿಂಡರಿನ ಒಳಮೈಗೆ, ಕಚ್ಚಿಕೊಳ್ಳುತ್ತೆ. ಸೀಲಿನಲ್ಲಿ ಉಳಿಸಿದ್ದೇನೂ ಇಲ್ಲ, ಮೇಲಿಂದ ಸಿಲಿಂಡರ್ ಕೊರೆದು ಸರಿಮಾಡಿಸುವ ಬೋರಿಂಗ್ ಖರ್ಚು ಬೇರೆ.

ಸೀಲಿನ ಮೈಮೇಲೆ ಸಾಮಾನ್ಯವಾಗಿ ಒಳ ಅಳತೆ, ಹೊರ ಅಳತೆ, ದಪ್ಪ ಅಂತ ಮೂರು ಸಂಖ್ಯೆ ಇರುತ್ತೆ. ಬೇರಿಂಗಿಗೂ ನಂಬರ್ ಇರುತ್ತೆ. 6204 ಅಂದರೆ ಯಾವ ದೇಶದಲ್ಲಿ ತಗೊಂಡರೂ ಒಳಗೆ 20, ಹೊರಗೆ 47, ದಪ್ಪ 14 ಮಿ.ಮೀ. ಹಳೇದನ್ನು ಬಿಚ್ಚಿ, ನಂಬರ್ ಬರೆದುಕೊಂಡು ಹತ್ತಿರದ ಬೇರಿಂಗ್ ಅಂಗಡಿಗೆ ಹೋಗಿ. ಅದಕ್ಕೆ ‘ಯೆಜ್ಡಿ ಸ್ಪೆಷಲ್’ ಅಂತ ಆನ್‌ಲೈನಲ್ಲಿ ಜಾಸ್ತಿ ಕೊಡೋದು ಸುಮ್ನೆ ದಂಡ.

ಪಿಸ್ಟನ್ ತರಿಸುವಾಗ ಅವಸರ ಬೇಡ. ನಿಮ್ಮ ಎಂಜಿನ್ ಬೋರ್ 65 ಮಿ.ಮೀ. ಆದರೆ ಅದು ಹೊಸದರಲ್ಲಿ. ನಲವತ್ತು ವರ್ಷದಲ್ಲಿ ಎಷ್ಟು ಸಲ ಬೋರ್ ಮಾಡಿಸಿದ್ದಾರೋ ಯಾರಿಗೆ ಗೊತ್ತು? ಮೊದಲು ಬೋರ್ ಅಳತೆ ತೆಗೆಸಿ, ಮೂಲ ಅಳತೆಗಿಂತ ಎಷ್ಟು ದೊಡ್ಡ ಪಿಸ್ಟನ್, ಅಂದರೆ ಯಾವ ಓವರ್‌ಸೈಜ್ ಬೇಕು ಅಂತ ತಿಳಿದು ಆರ್ಡರ್ ಮಾಡಿ. ಪಿಸ್ಟನ್ ಕೈಗೆ ಬರುವ ತನಕ ಬೋರಿಂಗಿಗೆ ಕೊಡಬೇಡಿ. ಪಿಸ್ಟನ್ ನೋಡಿ ಬೋರ್ ಮಾಡಬೇಕೇ ಹೊರತು, ಬೋರ್ ಮಾಡಿದ ಮೇಲೆ ಪಿಸ್ಟನ್ ಹುಡುಕುವುದಲ್ಲ.

ಹುಡುಕುವಾಗ ‘ರೋಡ್‌ಕಿಂಗ್’ ಅಂತಲೇ ಹುಡುಕಿ. ಬರೀ ಜಾವಾ, ಯೆಜ್ಡಿ ಅಂದರೆ 2018ರಲ್ಲಿ ಬಂದ ಹೊಸ ಜಾವಾ, 2022ರ ಹೊಸ ಯೆಜ್ಡಿಯ ಪಾರ್ಟ್ಸೇ ಮೇಲೆ ಬರುತ್ತವೆ. ಅವು ಫೋರ್ ಸ್ಟ್ರೋಕ್. ಹೆಸರು ಬಿಟ್ಟರೆ ಎಂಜಿನ್ನಿನಲ್ಲಿ ನೆಂಟಸ್ತಿಕೆ ಇಲ್ಲ. ಜಾವಾದ ಮೂಲವಾದ ಜೆಕ್ ದೇಶದಿಂದ ತರಿಸುವವರೂ ಇದ್ದಾರೆ. ಅದು ಹಳೇ ಜಾವಾಗೆ ಆಗಬಹುದು. ನಿಮಗೆ ಕೊರಿಯರ್, ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿದರೆ ಗಿಟ್ಟಲ್ಲ.

ಇನ್ನು ದುಡ್ಡು. ಫೋನಿನಲ್ಲೇ ಫೋಟೋ ಕಳಿಸಿ ಮಾರುವವರ ಹತ್ತಿರ, ಪಾರ್ಟ್ ಪಕ್ಕದಲ್ಲಿ ನಿಮ್ಮ ಹೆಸರು, ಇವತ್ತಿನ ತಾರೀಕು ಬರೆದ ಚೀಟಿ ಇಟ್ಟು ಇನ್ನೊಂದು ಫೋಟೋ ಕೇಳಿ. ಪಾರ್ಟ್ ನಿಜವಾಗಲೂ ಇದ್ದವರಿಗೆ ಅದು ಎರಡು ನಿಮಿಷದ ಕೆಲಸ. ನೆಪ ಹೇಳಿದರೆ ಬಿಟ್ಟುಬಿಡಿ. ವರ್ನಿಯರ್ ಇಟ್ಟು ಅಳತೆ ತೋರಿಸಿ ಅಂದರೆ ಬೇಜಾರು ಮಾಡಿಕೊಳ್ಳದವರು ಸಾಮಾನ್ಯವಾಗಿ ಒಳ್ಳೇ ವ್ಯಾಪಾರಿಗಳು. ಅಂಗಡಿ ಇಟ್ಟು ಆನ್‌ಲೈನಲ್ಲಿ ಮಾರುವವರು ವಿಳಾಸ, ವಾಪಸಾತಿ ನಿಯಮ ತಿಳಿಸಲೇಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತೆ. ತಕರಾರಿದ್ದರೆ ಗ್ರಾಹಕರ ಸಹಾಯವಾಣಿ 1915. ದುಡ್ಡು ಹಾಕಿಸಿಕೊಂಡು ಫೋನ್ ಆಫ್ ಮಾಡಿದರೆ ಅದು ವಂಚನೆ, ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಳೇ ಬೈಕ್ ಬಿಚ್ಚಿ ಮಾರುವ ಯಾರೋ ಒಬ್ಬರ ಹತ್ತಿರ ತಗೊಂಡರೆ ಆ ನಿಯಮದ ಬಲ ಸಿಗಲ್ಲ, ನೆನಪಿರಲಿ.

ನಂಬರ್ ಹೊಡೆದಿರುವ ಎಂಜಿನ್ ಕೇಸ್ ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಕದ್ದ ಬೈಕಿನದ್ದೋ ಏನೋ, ಫೋಟೋದಲ್ಲಿ ಗೊತ್ತಾಗಲ್ಲ. ಆರ್‌ಸಿಯಲ್ಲಿರುವ ನಂಬರಿಗೂ ತಾಳೆಯಾಗಲ್ಲ. ನಿಮ್ಮ ಕೇಸ್ ಸೀಳಿದ್ದರೆ ಅಲ್ಯೂಮಿನಿಯಂ ವೆಲ್ಡಿಂಗ್ ಮಾಡುವವರಿಗೆ ಒಮ್ಮೆ ತೋರಿಸಿ. ಅಪ್ಪನ ಬೈಕಿನ ನಂಬರ್ ಹಾಗೇ ಉಳಿಯುತ್ತೆ.