ಹೆಸರು ಕ್ಯೋಟೊದ್ದು, ಹೊಗೆ ಕ್ಯಾಲಿಫೋರ್ನಿಯಾದ್ದು

ಪಶ್ಚಿಮದ ಕುಂಬಾರಿಕೆ ಸ್ಟುಡಿಯೊಗಳಲ್ಲಿ ‘ರಾಕು’ ಎಂದರೆ ನಿಗಿನಿಗಿ ಕಾದ ಪಾತ್ರೆಯನ್ನು ಆವಿಗೆಯಿಂದ ಇಕ್ಕಳದಲ್ಲಿ ಎತ್ತಿ, ಮರದ ಹೊಟ್ಟು ತುಂಬಿದ ಡ್ರಮ್ಮಿಗೆ ಹಾಕಿ ಮುಚ್ಚುವುದು. ಜಪಾನಿನ ಮೂಲ ರಾಕುವಿನಲ್ಲಿ ಈ ಡ್ರಮ್ಮೂ ಇಲ್ಲ, ಹೊಟ್ಟೂ ಇಲ್ಲ.

16ನೇ ಶತಮಾನದ ಕೊನೆಗೆ ಕ್ಯೋಟೊದ ಚೋಜಿರೊ, ಚಹಾಗುರು ಸೆನ್ ನೊ ರಿಕ್ಯು ಅಭಿರುಚಿಗೆ ತಕ್ಕಂತೆ ಬಟ್ಟಲುಗಳನ್ನು ಮಾಡಿದ. ತಿಗರಿಯಿಲ್ಲ, ಎಲ್ಲ ಕೈಯಲ್ಲೇ ತಿದ್ದಿದ್ದು. ಕಪ್ಪು ಬಟ್ಟಲನ್ನು ಕೆಂಪಗೆ ಕಾದಿರುವಾಗಲೇ ಹೊರಗೆಳೆದು ಆರಿಸುತ್ತಾರೆ. ಮೆರುಗು (ಸುಟ್ಟಾಗ ಕರಗಿ ಗಾಜಿನಂತೆ ಕೂರುವ ಲೇಪ) ಕಪ್ಪಾಗುವುದು ಆ ದಿಢೀರ್ ತಂಪಿನಿಂದ, ಹೊಗೆಯಿಂದಲ್ಲ.

1911ರಲ್ಲಿ ಟೋಕಿಯೊದ ಒಂದು ಕೂಟದಲ್ಲಿ ಅತಿಥಿಗಳಿಗೆ ಚಿತ್ರ ಬಿಡಿಸಲು ಮೆರುಗಿಲ್ಲದ ಪಾತ್ರೆಗಳನ್ನು ಕೊಟ್ಟು, ಆಮೇಲೆ ಮೆರುಗು ಬಳಿದು ರಾಕು ರೀತಿಯಲ್ಲಿ ಅಲ್ಲೇ ಸುಟ್ಟು ತೋರಿಸಿದರು. ಅದನ್ನು ನೋಡಿದ ಇಂಗ್ಲಿಷ್ ಕಲಾವಿದ ಬರ್ನಾರ್ಡ್ ಲೀಚ್ ಕುಂಬಾರನಾದ. 1920ರಲ್ಲಿ ಜಪಾನಿನ ಕುಂಬಾರ ಹಮಾದ ಶೋಜಿ ಜೊತೆ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಿಕೆ ಶುರುಮಾಡಿದ. 1940ರ ಅವನ ಕೈಪಿಡಿಯಲ್ಲಿ ರಾಕುವಿನ ವಿಧಾನವೂ ಇತ್ತು.

1960ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಸೋಲ್ಡ್ನರ್ ಆ ಪುಸ್ತಕ ಹಿಡಿದೇ ಪ್ರಯೋಗಕ್ಕಿಳಿದ. ಬಂದ ಪಾತ್ರೆ ಅವನಿಗೆ ಸಪ್ಪೆ ಎನಿಸಿತು. ಬಿಸಿ ಇರುವಾಗಲೇ ಪೆಪ್ಪರ್ ಟ್ರೀ ಮರದ ಉದುರಿದೆಲೆಗಳಲ್ಲಿ ಹೊರಳಾಡಿಸಿದ (ನಮ್ಮ ಕರಿಮೆಣಸಿಗೂ ಆ ಮರಕ್ಕೂ ನೆಂಟಸ್ತಿಕೆಯಿಲ್ಲ). ಎಲೆ ಹೊತ್ತಿ ಹೊಗೆಯಾಡಿತು. ಇಂದಿನ ‘ಪಶ್ಚಿಮದ ರಾಕು’ ಹುಟ್ಟಿದ್ದು ಆ ಹೊಗೆಯಲ್ಲಿ. ಜಪಾನಿನಿಂದ ದಾಟಿದ್ದು ಹೆಸರು, ಮತ್ತು ಬೆಂಕಿ ಕೊಟ್ಟದ್ದನ್ನು ಒಪ್ಪಿಕೊಳ್ಳುವ ಮನೋಭಾವ. ತಂತ್ರ ಬಹುಪಾಲು ಅಮೆರಿಕದ್ದೇ.

ಕೆಲಸ ಸರಳವಾಗಿ ಕಾಣುತ್ತದೆ, ಸರಳವಲ್ಲ. ನುಣ್ಣನೆಯ ಮಣ್ಣು ಈ ತಾಪದ ಹೊಡೆತಕ್ಕೆ ಸೀಳುತ್ತದೆ. ಅದಕ್ಕೇ ಸುಟ್ಟ ಮಣ್ಣಿನ ತರಿಯನ್ನು ಶೇ 20–30ರಷ್ಟು ಬೆರೆಸುತ್ತಾರೆ. ಮೊದಲ ಸುಡುವಿಕೆ ಸುಮಾರು 950 ಡಿಗ್ರಿ ಸೆಲ್ಸಿಯಸ್‌ಗೆ. ಮೆರುಗು ಬಳಿದ ಮೇಲೆ ಪೂರ್ತಿ ಒಣಗಬೇಕು. ತೇವ ಉಳಿದರೆ ಆವಿ ಒಳಗೇ ಸಿಕ್ಕಿ ಪಾತ್ರೆ ಸಿಡಿಯುತ್ತದೆ. ಎರಡನೇ ಸುಡುವಿಕೆಯಲ್ಲಿ 1000 ಡಿಗ್ರಿಯ ಆಸುಪಾಸಿನಲ್ಲಿ ಮೆರುಗು ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ನೀರು ಬಳಿದಂತೆ ಹೊಳೆಯುತ್ತದೆ. ಎತ್ತಬೇಕಾದ್ದು ಆಗ. ಗುಳ್ಳೆಯಿರುವಾಗ ಅವಸರಪಟ್ಟರೆ ಮೈಯೆಲ್ಲ ಕುಳಿ.

ಡ್ರಮ್ಮಿನಲ್ಲಿ ಹೊಟ್ಟು ಹೊತ್ತಿಕೊಂಡು ಆಮ್ಲಜನಕ ತೀರುತ್ತದೆ. ಬೆಂಕಿ ಮೆರುಗಿನ ತಾಮ್ರದ ಆಕ್ಸೈಡಿನಿಂದಲೇ ಅದನ್ನು ಕಸಿಯುತ್ತದೆ, ಕೆಂಪು ಲೋಹದ ಹೊಳಪು ಬರುತ್ತದೆ. ಮೆರುಗಿಲ್ಲದ ಮಣ್ಣು ಮಸಿ ಹೀರಿ ಕಪ್ಪಾಗುತ್ತದೆ. ಬಿಳಿ ಮೆರುಗಾದರೆ ಡ್ರಮ್ಮಿಗಿಡುವ ಮುನ್ನ ಅರೆನಿಮಿಷ ಗಾಳಿಗೆ ಹಿಡಿಯುತ್ತಾರೆ: ‘ಟಿಣ್ ಟಿಣ್’ ಸದ್ದಿನೊಂದಿಗೆ ಬಿರುಕು ಬಿಟ್ಟು, ಆ ಸಂದುಗಳಲ್ಲಿ ಮಸಿ ಕೂತು ಬಲೆಯಾಗುತ್ತದೆ. ಮುಚ್ಚಳ ಬೇಗ ತೆರೆದಿರೋ, ಗಾಳಿ ಹೊಕ್ಕು ತಾಮ್ರ ಮತ್ತೆ ಹಸಿರಿಗೆ ತಿರುಗುತ್ತದೆ.

ಚಹಾಕ್ಕೆಂದೇ ಹುಟ್ಟಿದ ಪಾತ್ರೆಯ ಹೆಸರಿದು. ಆದರೆ ಪಶ್ಚಿಮದ ರಾಕು ಪಾತ್ರೆ ರಂಧ್ರಮಯ, ನೀರು ಜಿನುಗುತ್ತದೆ. ಅದರಲ್ಲಿ ಚಹಾ ಕುಡಿಯುವುದು ಬೇಡವೆಂದೇ ಕುಂಬಾರರು ಹೇಳುತ್ತಾರೆ. ಶೋಕೇಸಿನಲ್ಲಿಟ್ಟರೂ ತಾಮ್ರದ ಹೊಳಪು ವರ್ಷಗಳು ಕಳೆದಂತೆ ಗಾಳಿಗೆ ಮಾಸುತ್ತದೆ.