ಬಾಹ್ಯಾಕಾಶ ಪಡೆಯ ನಾಯಕ ಅಡ್ಮಿರಲ್ಲೇ ಏಕೆ, ಜನರಲ್ ಏಕಲ್ಲ?

ಪ್ರಶ್ನೆ: ಬಾಹ್ಯಾಕಾಶದಲ್ಲಿ ನಡೆಯುವ ಯುದ್ಧದ ಕಾದಂಬರಿಗಳನ್ನು ಇಷ್ಟಪಟ್ಟು ಓದುತ್ತೇನೆ. ಅವುಗಳಲ್ಲಿ ನೌಕೆಗಳ ದಂಡನ್ನು ನಡೆಸುವವರು ಹೆಚ್ಚುಕಡಿಮೆ ಯಾವಾಗಲೂ ಅಡ್ಮಿರಲ್, ಕಮೋಡೋರ್, ಕ್ಯಾಪ್ಟನ್ ಎಂಬ ನೌಕಾಪಡೆಯ ಹುದ್ದೆಯವರೇ ಆಗಿರುತ್ತಾರೆ. ಕೊಡಗಿನವನಾದ್ದರಿಂದ ಕೇಳುತ್ತಿದ್ದೇನೆ: ಸಮುದ್ರವೇ ಇಲ್ಲದ ಕಡೆ ಅಡ್ಮಿರಲ್‌ಗೇನು ಕೆಲಸ? ಜನರಲ್ ಏಕಾಗಬಾರದು?

ಉತ್ತರ: ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಕಡೆಯ ಓದುಗರು ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಬಂದಿದ್ದಾರೆ, ಮತ್ತು ಅದರ ಹಿಂದಿರುವ ಸಣ್ಣ ಅಸಮಾಧಾನ ನನಗೆ ಅರ್ಥವಾಗುತ್ತದೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರ ಊರು, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರ ಊರು ನಮ್ಮದು. ಅಂಥ ಊರಿನವರಿಗೆ ನಕ್ಷತ್ರಗಳ ನಡುವಿನ ಯುದ್ಧದಲ್ಲಿ ಜನರಲ್‌ಗೆ ಒಂದು ಕುರ್ಚಿಯೂ ಇಲ್ಲವೆಂದರೆ ಬೇಸರವಾಗುವುದು ಸಹಜ.

ಸುಲಭದ ಉತ್ತರವೆಂದರೆ ಭಾಷೆ. ನಾವು ಅದನ್ನು ‘ಬಾಹ್ಯಾಕಾಶ ನೌಕೆ’ ಎಂದು ಕರೆದ ಮೇಲೆ ಅದರ ಮೇಲಿನವನು ನಾವಿಕನಾಗಲೇಬೇಕಲ್ಲವೇ? ಇಂಗ್ಲಿಷಿನಲ್ಲಿಯೂ ಹೀಗೆಯೇ ಆಗಿದೆ. ‘ಆಸ್ಟ್ರೊನಾಟ್’ ಎಂಬ ಪದವನ್ನು ನಕ್ಷತ್ರ ಮತ್ತು ನಾವಿಕ ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳಿಂದ ಕಟ್ಟಲಾಗಿದೆ. ಆದರೆ ಈ ಉತ್ತರ ಹೆಚ್ಚು ದೂರ ಹೋಗುವುದಿಲ್ಲ. ನಮ್ಮ ಪುರಾಣಗಳಲ್ಲಿ ಆಕಾಶದಲ್ಲಿ ಸಾಗುವುದು ವಿಮಾನ ಮತ್ತು ರಥ, ನಡೆಸುವವನು ಸಾರಥಿ. ಹಳಗನ್ನಡದಲ್ಲಿ ದಂಡನಾಯಕನಿದ್ದಾನೆ, ಆಮೇಲೆ ದಳವಾಯಿಯೂ ಬಂದಿದ್ದಾನೆ. ಕನ್ನಡದ ಲೇಖಕ ಮನಸ್ಸು ಮಾಡಿದರೆ ಅಡ್ಮಿರಲ್ ಎಂಬ ಪದವನ್ನು ಮುಟ್ಟದೆ ಮುನ್ನೂರು ಪುಟ ಬರೆಯಬಹುದು. (ನಮ್ಮ ಕರಾವಳಿಯ ಮೀನುಗಾರರ ದೋಣಿಯ ಮುಖ್ಯಸ್ಥನನ್ನು ‘ತಾಂಡೇಲ’ ಎನ್ನುತ್ತಾರೆ. ಬಾಹ್ಯಾಕಾಶ ನೌಕೆಯ ಮೇಲೆ ಒಬ್ಬ ತಾಂಡೇಲನನ್ನು ನೋಡುವ ಆಸೆ ನನಗೆ ಬಹುಕಾಲದಿಂದ ಇದೆ.)

ವಾಸ್ತವವಂತೂ ಕಾದಂಬರಿಗಳಿಗೆ ನೇರ ವಿರುದ್ಧವಾಗಿದೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರೂ 2025ರಲ್ಲಿ ಹೋದ ಶುಭಾಂಶು ಶುಕ್ಲಾ ಅವರೂ ವಾಯುಪಡೆಯವರು. ಅಮೆರಿಕವು 2019ರ ಡಿಸೆಂಬರ್‌ನಲ್ಲಿ ಬಾಹ್ಯಾಕಾಶಕ್ಕೆಂದೇ ಪ್ರತ್ಯೇಕ ಪಡೆಯೊಂದನ್ನು ಕಟ್ಟಿದಾಗ ಅದರ ಮುಖ್ಯಸ್ಥನಿಗೆ ಕೊಟ್ಟ ಹುದ್ದೆ ಜನರಲ್ಲೇ ಹೊರತು ಅಡ್ಮಿರಲ್ ಅಲ್ಲ. ಹೀಗಿದ್ದೂ ಕಾದಂಬರಿಕಾರರು ಹಟ ಹಿಡಿದವರಂತೆ ಅಡ್ಮಿರಲ್‌ನನ್ನೇ ಆರಿಸುತ್ತಾರೆಂದರೆ ಅದಕ್ಕೆ ಪದದ ಮೋಹಕ್ಕಿಂತ ಗಟ್ಟಿಯಾದ ಕಾರಣವಿರಬೇಕು. ನನ್ನ ತಿಳಿವಳಿಕೆಯಂತೆ ಆ ಕಾರಣ, ಸುದ್ದಿ ತಲುಪುವಷ್ಟರಲ್ಲಿ ಹಳಸಿಹೋಗಿರುವುದು.

ಇದನ್ನು ನಾನು ಕಲಿತದ್ದು ಯಾವ ಕಾದಂಬರಿಯಿಂದಲೂ ಅಲ್ಲ. ನಮ್ಮ ದೊಡ್ಡಪ್ಪ ಸೇನೆಯಲ್ಲಿದ್ದಾಗ ಅವರಿಗೆ ಬರೆಯುವ ವಿಳಾಸದ ಕೊನೆಯಲ್ಲಿ ಊರಿನ ಹೆಸರಿನ ಬದಲು ಸೇನೆಯ ಅಂಚೆಕಚೇರಿಯ ಗುರುತಾದ ‘56 ಎಪಿಒ’ ಎಂದಿರುತ್ತಿತ್ತು. ಅವರು ಯಾವ ಗುಡ್ಡದ ಮೇಲಿದ್ದಾರೆಂದು ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಅವರು ನೀಲಿ ಇನ್‌ಲ್ಯಾಂಡ್ ಪತ್ರದಲ್ಲಿ ‘ಹೂಮಳೆ (ಕಾಫಿ ಗಿಡ ಹೂಬಿಡಲು ಬೇಕಾದ ಮಳೆ) ಬಂತೇ?’ ಎಂದು ಕೇಳಿದರೆ, ಆ ಪತ್ರ ನಮ್ಮ ಕೈ ಸೇರುವ ಹೊತ್ತಿಗೆ ಮಳೆ ಬಂದು, ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಹೂವು ಕಂದಿ ಉದುರಿಯೂ ಆಗಿರುತ್ತಿತ್ತು. ನಮ್ಮ ಉತ್ತರ ಅವರಿಗೆ ತಲುಪುವಾಗ ಕಾಯಿ ಕಚ್ಚಿದೆಯೇ ಇಲ್ಲವೇ ಎಂಬುದೇ ಮನೆಯ ಚಿಂತೆ. ಅವರು ತಮ್ಮ ಮನಸ್ಸಿನಲ್ಲಿ ನೋಡುತ್ತಿದ್ದ ತೋಟ ಯಾವಾಗಲೂ ಮೂರು ನಾಲ್ಕು ವಾರ ಹಿಂದಿನದು.

ಬಾಹ್ಯಾಕಾಶದ ಪಡೆಯ ನಾಯಕ ನೋಡುವುದೂ ಇದೇ ತೋಟವನ್ನು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ರೇಡಿಯೋ ಸಂದೇಶವೂ ಅಷ್ಟೇ ವೇಗದ್ದು, ಅದಕ್ಕಿಂತ ಚುರುಕಾದ ಅಂಚೆಯವನು ಪ್ರಕೃತಿಯಲ್ಲಿಲ್ಲ. ಚಂದ್ರನಿಂದ ಸುದ್ದಿ ಬರಲು ಒಂದೂಕಾಲು ಸೆಕೆಂಡಿಗೆ ತುಸು ಹೆಚ್ಚು, ಸೂರ್ಯನಿಂದ ಎಂಟು ನಿಮಿಷಕ್ಕೂ ಹೆಚ್ಚು, ಗುರುಗ್ರಹದಿಂದ ಅದು ಎಲ್ಲಿದೆ ಎಂಬುದನ್ನು ನೋಡಿಕೊಂಡು 33ರಿಂದ 54 ನಿಮಿಷ, ನೆಪ್ಚೂನ್‌ನಿಂದ ನಾಲ್ಕು ಗಂಟೆಯಷ್ಟು. ಶತ್ರುವಿನ ಪಡೆ ಎರಡು ಬೆಳಕಿನ ಗಂಟೆಗಳಷ್ಟು, ಅಂದರೆ ಬೆಳಕು ಎರಡು ಗಂಟೆಯಲ್ಲಿ ಓಡುವಷ್ಟು, ದೂರದಲ್ಲಿ ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಅಡ್ಮಿರಲ್‌ನ ಪರದೆಯ ಮೇಲೆ ಕಾಣುವುದು ಎರಡು ಗಂಟೆ ಹಿಂದಿನ ಶತ್ರು. ಅಷ್ಟರಲ್ಲಿ ನಿಜವಾದ ಶತ್ರು ಎರಡೂವರೆ ಲಕ್ಷ ಕಿಲೋಮೀಟರ್, ಅಂದರೆ ನಮ್ಮಿಂದ ಚಂದ್ರನಿಗಿರುವ ದೂರದ ಮೂರರಲ್ಲಿ ಎರಡು ಪಾಲು, ಸರಿದುಹೋಗಿರುತ್ತಾನೆ. ಅವನು ದಿಕ್ಕು ಬದಲಿಸಿದ್ದರೆ ಎತ್ತ ಸರಿದನೆಂಬುದೂ ತಿಳಿಯದು.

ಇದು ಕಥೆಗಾರರ ಕಲ್ಪನೆ ಮಾತ್ರವೆಂದು ತಿಳಿಯಬಾರದು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನಮ್ಮ ಮಂಗಳಯಾನ ನೌಕೆ ತನ್ನ ಮುಖ್ಯ ಎಂಜಿನನ್ನು ಸುಮಾರು 23 ನಿಮಿಷ ಉರಿಸಿ ಮಂಗಳನ ಕಕ್ಷೆಗೆ ಇಳಿಯಿತು. ಆ ದಿನ ಅಲ್ಲಿಂದ ಬೆಂಗಳೂರಿಗೆ ಸಂದೇಶ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಏನಾದರೂ ತಪ್ಪುತ್ತಿದೆಯೆಂದು ಇಲ್ಲಿಯವರಿಗೆ ಗೊತ್ತಾಗಿ, ಅವರು ಸೂಚನೆ ಕಳುಹಿಸಿ, ಅದು ಅಲ್ಲಿಗೆ ತಲುಪುವಷ್ಟರಲ್ಲಿ ಎಂಜಿನ್ ಉರಿಯುವ ಅವಧಿಯೇ ಮುಗಿದಿರುತ್ತಿತ್ತು. ಆದ್ದರಿಂದ ಇಸ್ರೋದವರು ಮಾಡಬೇಕಾದ ಎಲ್ಲವನ್ನೂ ಮುಂಚಿತವಾಗಿಯೇ ನೌಕೆಯ ಗಣಕಕ್ಕೆ ತುಂಬಿ, ಆ ಬೆಳಿಗ್ಗೆ ಕಾದು ಕುಳಿತರು. ಆ ನೌಕೆಯಲ್ಲಿ ಮನುಷ್ಯರಿದ್ದು ಎದುರಿಗೆ ಶತ್ರುವೂ ಇದ್ದಿದ್ದರೆ, ಮುಂಚಿತವಾಗಿ ತುಂಬಲಾಗದ ನಿರ್ಧಾರಗಳನ್ನು ತೆಗೆದುಕೊಳ್ಳಲು ಅಲ್ಲಿಯೇ ಒಬ್ಬರು ಬೇಕಾಗುತ್ತಿದ್ದರು. ಆ ಒಬ್ಬರೇ ಕಾದಂಬರಿಯ ಅಡ್ಮಿರಲ್.

ಭೂಮಿಯ ಮೇಲೆ ಈ ಸ್ಥಿತಿಯನ್ನು ಶತಮಾನಗಟ್ಟಲೆ ಅನುಭವಿಸಿದ್ದು ನೌಕಾಪಡೆ. ಟೆಲಿಗ್ರಾಫ್ ಬರುವ ಮೊದಲು ಬಂದರು ಬಿಟ್ಟ ಹಡಗಿನ ದಂಡು ತಿಂಗಳುಗಟ್ಟಲೆ ರಾಜನ ಕಿವಿಗೂ ಮಂತ್ರಿಯ ಕೈಗೂ ಸಿಗುತ್ತಿರಲಿಲ್ಲ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್‌ನಲ್ಲಿ ಬ್ರಿಟಿಷರು ಗೆದ್ದ ಸುದ್ದಿ, ಅವರ ಅಡ್ಮಿರಲ್ ನೆಲ್ಸನ್ ಸತ್ತ ಸುದ್ದಿಯೊಂದಿಗೆ, ಲಂಡನ್ ತಲುಪಿದ್ದು ನವೆಂಬರ್ 6ರಂದು. ಅದಕ್ಕಿಂತ ವಿಷಾದದ ಉದಾಹರಣೆ ಬ್ರಿಟನ್ ಮತ್ತು ಅಮೆರಿಕಗಳದ್ದು: 1814ರ ಡಿಸೆಂಬರ್ 24ರಂದು ಯುರೋಪಿನಲ್ಲಿ ಸಂಧಿಗೆ ಸಹಿ ಬಿದ್ದಿತ್ತು, ಆದರೆ ಆ ಸುದ್ದಿ ಇನ್ನೂ ಸಮುದ್ರದ ಮೇಲಿದ್ದಾಗಲೇ 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಎರಡೂ ಕಡೆಯವರು ಕಾದಾಡಿ ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಗಾಯಗೊಂಡರು.

ಇಂಥ ಕಡೆ ನಾಯಕನಾದವನು ಮಾಡಬಹುದಾದದ್ದು ಒಂದೇ: ಕೈಕೆಳಗಿನವರಿಗೆ ಹೆಜ್ಜೆ ಹೆಜ್ಜೆಯ ಅಪ್ಪಣೆ ಕೊಡದೆ ತನ್ನ ಉದ್ದೇಶವನ್ನು ತಿಳಿಸಿಡುವುದು. ಟ್ರಫಾಲ್ಗರ್‌ಗೆ ಹನ್ನೆರಡು ದಿನ ಮೊದಲು ನೆಲ್ಸನ್ ತನ್ನ ಕ್ಯಾಪ್ಟನ್‌ಗಳಿಗೆ ಬರೆದು ಹಂಚಿದ ಟಿಪ್ಪಣಿಯಲ್ಲಿ, ಯುದ್ಧದ ಹೊಗೆಯಲ್ಲಿ ತನ್ನ ಬಾವುಟದ ಸಂಕೇತ ಕಾಣದಿದ್ದರೆ ಹಡಗನ್ನು ಶತ್ರುವಿನ ಹಡಗಿನ ಪಕ್ಕಕ್ಕೆ ತಂದು ನಿಲ್ಲಿಸಿದವನು ದೊಡ್ಡ ತಪ್ಪನ್ನೇನೂ ಮಾಡಿದಂತಾಗದು ಎಂಬರ್ಥದ ಮಾತಿತ್ತು. ನಮ್ಮ ದೊಡ್ಡಪ್ಪನ ಪತ್ರಗಳಲ್ಲಿಯೂ ಇದೇ ಧಾಟಿ ಇರುತ್ತಿತ್ತು. ‘ಮಳೆ ಬಾರದಿದ್ದರೆ, ಕೆರೆಯಲ್ಲಿ ನೀರಿದ್ದರೆ, ಸ್ಪ್ರಿಂಕ್ಲರ್ ಹಾಕಿಸು, ನನ್ನ ಉತ್ತರಕ್ಕೆ ಕಾಯಬೇಡ’ ಎಂದು ನಮ್ಮಪ್ಪನಿಗೆ ಬರೆಯುತ್ತಿದ್ದರು. ಎರಡು ಶರತ್ತು, ಒಂದು ಉದ್ದೇಶ, ಉಳಿದದ್ದು ಸ್ಥಳದಲ್ಲಿದ್ದವನ ವಿವೇಕಕ್ಕೆ. ಅಪ್ಪ ಒಮ್ಮೆ ಅವಸರಪಟ್ಟು ನೀರು ಹಾಯಿಸಿದ ಮರುದಿನವೇ ಮಳೆ ಸುರಿದು ಡೀಸೆಲ್ಲಿನ ಖರ್ಚೆಲ್ಲ ದಂಡವಾಯಿತು, ಆದರೆ ದೊಡ್ಡಪ್ಪ ರಜೆಯಲ್ಲಿ ಬಂದಾಗ ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಹಾಗೆ ಆಡದಿರುವುದೂ ಇಂಥ ನಾಯಕತ್ವದ ಒಂದು ಭಾಗವೇ ಎಂದು ಈ ಕಾದಂಬರಿಗಳನ್ನು ಓದುವಾಗ ನನಗೆ ಅನಿಸಿದ್ದುಂಟು.

ವಾಯುಪಡೆಯ ಹುದ್ದೆ ಇಲ್ಲಿ ಹೊಂದದಿರುವುದಕ್ಕೂ ಕಾರಣ ಇದೇ. ಯುದ್ಧವಿಮಾನದ ಪೈಲಟ್ ಎಷ್ಟೇ ಧೀರನಾದರೂ ಕೆಲವು ಗಂಟೆಗಳಲ್ಲಿ ನೆಲೆಗೆ ಮರಳುತ್ತಾನೆ, ಮರಳಲೇಬೇಕು. ಅವನ ಊಟ, ನಿದ್ದೆ, ಯಂತ್ರದ ದುರಸ್ತಿ ಎಲ್ಲವೂ ನೆಲದ ಮೇಲೆ. ಹಡಗು ಹಾಗಲ್ಲ, ಅಡುಗೆಮನೆ, ಆಸ್ಪತ್ರೆ, ಗ್ಯಾರೇಜು, ಮದ್ದಿನ ಕೋಣೆ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಹೊರಗಿರುತ್ತದೆ. ಜಲಾಂತರ್ಗಾಮಿಯಂತೂ ಬಾಹ್ಯಾಕಾಶ ನೌಕೆಗೆ ಇನ್ನೂ ಹತ್ತಿರದ ಬಂಧು. ಆಳದಲ್ಲಿ ಸಾಮಾನ್ಯ ರೇಡಿಯೋ ತಲುಪುವುದಿಲ್ಲ. ನೀರಿನೊಳಗೆ ಸ್ವಲ್ಪ ಇಳಿಯಬಲ್ಲ ಅತಿ ಕಡಿಮೆ ಆವರ್ತದ ಸಂದೇಶವನ್ನು ಕಳುಹಿಸಲೆಂದೇ ನಮ್ಮ ನೌಕಾಪಡೆ ತಮಿಳುನಾಡಿನ ತಿರುನೆಲ್ವೇಲಿಯ ಬಳಿ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ಕೇಂದ್ರವನ್ನಿಟ್ಟುಕೊಂಡಿದೆ. ಆದರೆ ಆ ದಾರಿಯಲ್ಲಿ ಜಲಾಂತರ್ಗಾಮಿ ಕೇಳಿಸಿಕೊಳ್ಳಬಹುದೇ ಹೊರತು ಮಾತನಾಡುವಂತಿಲ್ಲ.

ಹುದ್ದೆಗಳ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿ ಎಡವುವವರು ಬಹಳ. ಭೂಸೇನೆಯ ಕ್ಯಾಪ್ಟನ್ ಹೆಗಲ ಮೇಲೆ ಮೂರು ನಕ್ಷತ್ರದ ತರುಣ ಅಧಿಕಾರಿ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ. ಅಡ್ಮಿರಲ್ ಇರುವ ಹಡಗಿಗೂ ಬೇರೆಯೇ ಒಬ್ಬ ಕ್ಯಾಪ್ಟನ್ ಇರುತ್ತಾನೆ: ಹಡಗು ಅವನದು, ದಂಡು ಅಡ್ಮಿರಲ್‌ನದು. ಒಳ್ಳೆಯ ಕಾದಂಬರಿಗಳಲ್ಲಿ ಈ ಇಬ್ಬರ ನಡುವಿನ ಮುಜುಗರವೇ ಅರ್ಧ ಕಥೆಯಾಗಿರುತ್ತದೆ. ನಮ್ಮಲ್ಲಿ ಪಶ್ಚಿಮ ಮತ್ತು ಪೂರ್ವ ನೌಕಾದಂಡುಗಳನ್ನು ನಡೆಸುವವರು ರಿಯರ್ ಅಡ್ಮಿರಲ್ ಹುದ್ದೆಯವರು.

ಇಷ್ಟಾದರೂ ಸಮುದ್ರದ ಹೋಲಿಕೆ ಒಂದು ಹಂತದ ಮೇಲೆ ಕೈಕೊಡುತ್ತದೆ, ಮತ್ತು ಲೇಖಕರು ಹೆಚ್ಚಾಗಿ ಎಡವುವುದೂ ಅಲ್ಲಿಯೇ. ಸಮುದ್ರದಲ್ಲಿ ದಿಗಂತವಿದೆ, ಅದರ ಆಚೆ ಅಡಗಬಹುದು. ಬಾಹ್ಯಾಕಾಶದಲ್ಲಿ ದಿಗಂತವಿಲ್ಲ, ಜನರಿರುವ ನೌಕೆ ಬೆಚ್ಚಗಿರಬೇಕು, ಬೆಚ್ಚಗಿರುವುದು ಶಾಖವನ್ನು ಹೊರಸೂಸಲೇಬೇಕು, ಆ ಶಾಖ ಕೊರೆಯುವ ಚಳಿಯ ಹಿನ್ನೆಲೆಯಲ್ಲಿ ಅಮಾವಾಸ್ಯೆಯ ರಾತ್ರಿ ತೋಟದ ಲೈನ್‌ಮನೆಯಲ್ಲಿ ಹಚ್ಚಿದ ದೀಪದಂತೆ ಎದ್ದು ಕಾಣುತ್ತದೆ. ಗ್ರಹದ ಮರೆಯನ್ನು ಬಿಟ್ಟರೆ ಅಡಗುವ ತಾಣವೇ ಅಪರೂಪ. ಇನ್ನು ನೀರು ಹಡಗನ್ನು ತಾನಾಗಿಯೇ ನಿಧಾನಗೊಳಿಸುತ್ತದೆ, ಶೂನ್ಯ ಹಾಗೆ ಮಾಡುವುದಿಲ್ಲ. ಸಂಪಾಜೆ ಘಾಟಿ ಇಳಿಯುವ ಲಾರಿಯ ಚಾಲಕನಿಗೆ ಬ್ರೇಕ್ ಸಾಲದಿದ್ದರೂ ಗೇರು, ರಸ್ತೆ, ಕೊನೆಗೆ ಪಕ್ಕದ ಮಣ್ಣಿನ ದಿಬ್ಬವಾದರೂ ಇದೆ. ನೌಕೆಗೆ ಇರುವುದು ಇಂಧನ ಮಾತ್ರ. ಭೂಮಿಯ ಗುರುತ್ವದಷ್ಟೇ ವೇಗೋತ್ಕರ್ಷದಲ್ಲಿ ಒಂದು ಗಂಟೆ ಎಂಜಿನ್ ಉರಿಸಿದರೆ ನಾನು ಮೇಲೆ ಹೇಳಿದ ಸೆಕೆಂಡಿಗೆ 35 ಕಿಲೋಮೀಟರ್ ವೇಗ ಬರುತ್ತದೆ. ನಿಲ್ಲಬೇಕೆಂದರೆ ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ ಅಷ್ಟೇ ಬಲದಲ್ಲಿ ಇನ್ನೊಂದು ಗಂಟೆ ಉರಿಸಬೇಕು. ಹಾಗಾಗಿ ಎರಡು ಪಡೆಗಳು ಎದುರಾದಾಗ ಹಡಗುಗಳಂತೆ ಪಕ್ಕಪಕ್ಕ ನಿಂತು ಗುಂಡು ಹಾರಿಸುವುದು ಕಷ್ಟ. ಅವು ಒಂದನ್ನೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತವೆ, ಮತ್ತೆ ತಿರುಗಿ ಬರಲು ಬಹಳ ಹೊತ್ತು ಬೇಕು. ಆ ಬಹಳ ಹೊತ್ತಿನ ಕಾಯುವಿಕೆಯನ್ನು ಬರೆಯುವ ತಾಳ್ಮೆ ಇರುವ ಲೇಖಕರು ಕಡಿಮೆ. ಇರುವವರನ್ನು ನಾನು ಎರಡೆರಡು ಬಾರಿ ಓದುತ್ತೇನೆ.

ಇನ್ನು ಕೆಲವು ಕಾದಂಬರಿಗಳು ಬೆಳಕಿಗಿಂತ ವೇಗವಾಗಿ ಮಾತನಾಡುವ ಸಾಧನವೊಂದನ್ನು ಕಲ್ಪಿಸಿ, ಅಡ್ಮಿರಲ್ ರಾಜಧಾನಿಯ ಮಂತ್ರಿಗಳೊಂದಿಗೆ ದೂರವಾಣಿಯಲ್ಲಿ ಮಾತನಾಡಿದಂತೆ ಮಾತನಾಡುವ ಅನುಕೂಲ ಮಾಡಿಕೊಡುತ್ತವೆ. ಹಾಗೆ ಮಾಡಲು ಲೇಖಕರಿಗೆ ಹಕ್ಕಿದೆ. ಆದರೆ ಆ ಕ್ಷಣದಿಂದ ಅವನು ಅಡ್ಮಿರಲ್ ಆಗಿ ಉಳಿಯುವುದಿಲ್ಲ, ಮೇಲಿನವರ ಆದೇಶಕ್ಕೆ ಸಹಿ ಹಾಕುವ ಗುಮಾಸ್ತನಾಗುತ್ತಾನೆ. ಹೆಗಲಪಟ್ಟಿ ಯಾವ ಪಡೆಯದಾದರೂ ಆಗ ವ್ಯತ್ಯಾಸವಾಗುವುದಿಲ್ಲ.

ಹಾಗಾದರೆ ಜನರಲ್‌ಗೆ ಕೆಲಸವಿಲ್ಲವೇ? ಇದೆ, ಕಾಲಕೆಳಗೆ ನೆಲ ಸಿಕ್ಕಿದ ಕೂಡಲೇ. 1948ರ ನವೆಂಬರ್ 1ರಂದು ತಿಮ್ಮಯ್ಯನವರು ಕಾಶ್ಮೀರದ ಜೋಜಿ ಲಾ ಕಣಿವೆಮಾರ್ಗದಲ್ಲಿ ಮಾಡಿದ್ದನ್ನು ನೋಡಿ. ಸುಮಾರು 3,500 ಮೀಟರ್ ಎತ್ತರಕ್ಕೆ ಟ್ಯಾಂಕುಗಳು ಬರಲಾರವೆಂದು ಶತ್ರು ನಂಬಿದ್ದ. ಅವರು ಸ್ಟುವರ್ಟ್ ಟ್ಯಾಂಕುಗಳ ಗೋಪುರಗಳನ್ನು ಕಳಚಿಸಿ, ದುರ್ಬಲ ಸೇತುವೆಗಳ ಮೇಲೆ ಗುಟ್ಟಾಗಿ ದಾಟಿಸಿ, ರಸ್ತೆ ಮಾಡಿಸಿ, ಹಿಮದ ನಡುವೆ ಮೇಲಕ್ಕೆ ಹತ್ತಿಸಿದರು. ಇಲ್ಲಿ ಎಲ್ಲವನ್ನೂ ನಿರ್ಧರಿಸಿದ್ದು ನೆಲ: ಸೇತುವೆ ತಾಳುವ ಭಾರ, ರಸ್ತೆಯ ಅಗಲ, ಹಿಮ ಬೀಳುವ ತಾರೀಖು. ಜನರಲ್‌ನ ಬೆನ್ನ ಹಿಂದೆ ಒಂದು ರಸ್ತೆ ಇರುತ್ತದೆ, ಅದರ ಮೇಲೆ ಹಿಟ್ಟು, ಮದ್ದುಗುಂಡು ಮತ್ತು ಅಂಚೆ ಬರುತ್ತವೆ. ಅದನ್ನು ಕಾಯುವುದು ಅವನ ಅರ್ಧ ಯುದ್ಧ. ಅಡ್ಮಿರಲ್‌ನ ಬೆನ್ನ ಹಿಂದೆ ಏನೂ ಇಲ್ಲ.

ಆದ್ದರಿಂದ ಯಾರಾದರೂ ಕೊಡಗಿನ ಜನರಲ್ ಒಬ್ಬನನ್ನು ಬಾಹ್ಯಾಕಾಶದ ಕಾದಂಬರಿಗೆ ತರಬೇಕೆಂದಿದ್ದರೆ ಅವನಿಗೊಂದು ಗ್ರಹ ಕೊಡಿ, ಗುಡ್ಡ, ಕೆಸರು ಮತ್ತು ಬಿಡದ ಮಳೆ ಕೊಡಿ. ಅವನನ್ನು ಅಲ್ಲಿಗೆ ಇಳಿಸಿದ ಅಡ್ಮಿರಲ್ ಇಂಧನ ಸಾಲದೆ ಕಕ್ಷೆ ಬಿಟ್ಟು ಹೊರಡಲಿ, ಮತ್ತು ಹೊರಟವನ ಸಂದೇಶಗಳು ಮೊದಲು ಎರಡು ಸೆಕೆಂಡು, ಆಮೇಲೆ ಎರಡು ನಿಮಿಷ, ವಾರ ಕಳೆಯುವಷ್ಟರಲ್ಲಿ ಎರಡು ಗಂಟೆ ತಡವಾಗಿ ಬರತೊಡಗಲಿ.